ಬೆನಗಲ್ ರಾಮರಾವ್

ಸರ್ ಬೆನಗಲ್ ರಾಮರಾವ್ (1889–1969) ಭಾರತೀಯ ರಿಸರ್ವ್ ಬ್ಯಾಂಕಿನ ನಾಲ್ಕನೆಯ ಗವರ್ನರ್. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾವ್ ಇವರ ಅಣ್ಣ.

1949ರ ಜುಲೈನಲ್ಲಿ ಇವರು ಅಧಿಕಾರ ವಹಿಸಿಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಬ್ರಿಟನ್ ಪೌಂಡನ್ನು ಅಪಮೌಲ್ಯಗೊಳಿಸಿದಾಗ ಭಾರತವೂ ರೂಪಾಯಿಯ ಮೌಲ್ಯವನ್ನು ಶೇ. 30.5ರಷ್ಟು ಇಳಿಸಿತು. 3.31 ರೂಪಾಯಿಯಿದ್ದ ಡಾಲರ್ 4.76 ರೂಪಾಯಿಗೆ ಏರಿತು. ಇದರಿಂದ ಡಾಲರ್ ವಲಯಕ್ಕೆ ಭಾರತದ ಸರಕು ಅಗ್ಗವಾಗಿ ರಫ್ತಿಗೆ ಅನುಕೂಲವಾಯಿತು. ಅಲ್ಲಿಂದ ಬರುವ ಆಮದು ದುಬಾರಿಯಾಯಿತು. ಪಾಕಿಸ್ತಾನವು ತನ್ನ ರೂಪಾಯಿಯನ್ನು ಇಳಿಸದ ಕಾರಣ ಅಲ್ಲಿಯ ಹತ್ತಿ, ಸೆಣಬು ಭಾರತದ ಗಿರಣಿಗಳಿಗೆ ತುಟ್ಟಿಯಾದವು. ಹೀಗಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳನ್ನು ಒಳಗೊಂಡಿದ್ದ ಅಂದಿನ ಧಾರವಾಡ ಜಿಲ್ಲೆಯಂತಹ ದೇಶೀಯ ಹತ್ತಿ ಸೀಮೆಗಳ ಮಹತ್ವ ಹೆಚ್ಚಿತು.

ಅರ್ಥಸಚಿವ ಟಿ. ಟಿ. ಕೃಷ್ಣಮಾಚಾರಿ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಮರಾವ್ 1957ರ ಜನವರಿಯಲ್ಲಿ ರಾಜೀನಾಮೆ ನೀಡಿದರು. ರಿಸರ್ವ್ ಬ್ಯಾಂಕಿನ ಸ್ವಾಯತ್ತತೆಯ ಚರ್ಚೆಯಲ್ಲಿ ಈ ಪ್ರಸಂಗ ಇಂದಿಗೂ ಉಲ್ಲೇಖಗೊಳ್ಳುತ್ತದೆ.