ಕೋಟದ ಮನಸ್ಸನ್ನು ಅರಿಯಲು ಬಂದ ಡಾ. ಮಾರಿಸ್ ಕಾರ್‌ಸ್ಟೇರ್ಸ್

ಕಾರ್ಕಳ: ಪ್ರತಿ ವರ್ಷ ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಸಾಂತ್‌ಮಾರಿಗೆ ಜಾತಿ ಮತದ ಭೇದವಿಲ್ಲದೆ ಜನ ಬರುವುದನ್ನು ನಾವೆಲ್ಲ ಬಲ್ಲೆವು. ಮನಸ್ಸಿನ ನೆಮ್ಮದಿ ಕಳೆದುಕೊಂಡವರನ್ನು ಕರೆತರುವ ಮನೆಯವರೂ ಅವರಲ್ಲಿದ್ದಾರೆ. ಇಂತಹ ಕಾಯಿಲೆಗೆ ಮನೆಯ, ಊರಿನ ಪರಿಸ್ಥಿತಿ ಎಷ್ಟು ಕಾರಣ ಎಂಬುದನ್ನು ನಮ್ಮ ಕರಾವಳಿಯಲ್ಲೇ ವಿಚಾರಿಸಿದ ವೈದ್ಯರೊಬ್ಬರ ಪರಿಚಯ ಇಲ್ಲಿದೆ.

ಜಾರ್ಜ್ ಮಾರಿಸ್ ಕಾರ್‌ಸ್ಟೇರ್ಸ್ 1916ರಲ್ಲಿ ಮಸ್ಸೂರಿಯಲ್ಲಿ ಜನಿಸಿದರು. ತಂದೆ ತಾಯಿ ಸ್ಕಾಟ್ಲೆಂಡಿನ ಮಿಷನರಿಗಳು. ಬಾಲ್ಯ ಕಳೆದದ್ದು ರಾಜಸ್ಥಾನದಲ್ಲಿ. ಎಡಿನ್‌ಬರೋದಲ್ಲಿ ವೈದ್ಯರಾದ ಬಳಿಕ ಮತ್ತೆ ರಾಜಸ್ಥಾನದ ಹಳ್ಳಿಗೆ ಬಂದು ಅಲ್ಲಿನ ಜನರ ಮನೋಭಾವದ ಕುರಿತು 1957ರಲ್ಲಿ ಪುಸ್ತಕ ಪ್ರಕಟಿಸಿದರು. 1962ರಲ್ಲಿ ಬಿಬಿಸಿ ಉಪನ್ಯಾಸದಲ್ಲಿ ಪರಿಶುದ್ಧತೆಗಿಂತ ಪರಪ್ರೀತಿಯನ್ನು ಮೇಲಿಟ್ಟು ಮಾತನಾಡಿದಾಗ ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವೆದ್ದಿತ್ತು. ಆ ವಿಚಾರದಲ್ಲಿ ನಾವು ಅವರನ್ನು ಒಪ್ಪಲಾರೆವು. ಅವರ ಕೋಟದ ಕೆಲಸದ ಬಗ್ಗೆ ಮಾತ್ರ ನಮಗೆ ತುಂಬ ಗೌರವವಿದೆ.

ಶಿವರಾಮ ಕಾರಂತರ ಹುಟ್ಟೂರಾದ ಕೋಟವನ್ನು ಅವರು ಮತ್ತು ಡಾ. ಆರ್. ಎಲ್. ಕಪೂರ್ ಅಧ್ಯಯನಕ್ಕೆ ಆರಿಸಿಕೊಂಡರು. ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳ ಮನೆಗಳಿಗೆ ಹೋಗಿ ಪ್ರಶ್ನೆಗಳನ್ನು ಕೇಳಲಾಯಿತು. ಬಂಟರಲ್ಲೂ ಮೊಗವೀರರಲ್ಲೂ ಆಗ ಅಳಿಯಸಂತಾನ ಪದ್ಧತಿ ಸಡಿಲವಾಗುತ್ತಿತ್ತು. 1949ರ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಿದ್ದವು. ಆಸ್ತಿ ತಂಗಿಯ ಮಕ್ಕಳಿಗೋ ತನ್ನ ಮಕ್ಕಳಿಗೋ, ಹೆಂಡತಿ ಇರಬೇಕಾದದ್ದು ತವರಿನಲ್ಲೋ ಗಂಡನ ಮನೆಯಲ್ಲೋ? ಈ ಎಳೆದಾಟ ಮನಸ್ಸಿಗೆ ಏನು ಮಾಡುತ್ತದೆ ಎಂಬುದೇ ಅವರ ಮುಖ್ಯ ಪ್ರಶ್ನೆಗಳಲ್ಲೊಂದು.

ವಿಚಾರಿಸಲಾದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯ ಲಕ್ಷಣವಿತ್ತು. ಜನ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು, ಡಾಕ್ಟರರು ಹೀಗೆ ಎಲ್ಲರ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ಯಾವ ವಿರೋಧವೂ ಕಾಣುತ್ತಿರಲಿಲ್ಲ. ಅಧ್ಯಯನದ ಇಂಗ್ಲಿಷ್ ಪುಸ್ತಕ 1976ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಇದನ್ನು ಓದಿದ ಮೇಲೆ ನಮ್ಮ ಅಭ್ಯಾಸವೂ ಸ್ವಲ್ಪ ಬದಲಾಯಿತು. ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಬಂದವರನ್ನು, ಪಾತ್ರಿಯ ಬಳಿ ಯಾಕೆ ಹೋದಿರಿ ಎಂದು ಮೊದಲು ಗದರುತ್ತಿದ್ದೆವು. ಈಗ ಮನೆಯಲ್ಲಿ ಪಾಲು ಆಗಿದೆಯೇ, ಸಾಲವಿದೆಯೇ, ದುಬೈಯಿಂದ ಮಗ ಫೋನ್ ಮಾಡುತ್ತಾನೆಯೇ ಎಂದು ಕೇಳುತ್ತೇವೆ. ಆಮೇಲೆ ಆಸ್ಪತ್ರೆಗೂ ಕಳುಹಿಸುತ್ತೇವೆ. ವಾಳೆಯ ಗುರಿಕಾರರಿಗೆ ಇಂತಹ ಸಂಗತಿಗಳು ನಮಗಿಂತ ಮೊದಲೇ ಗೊತ್ತಿರುತ್ತವೆ, ಆದರೆ ಯಾರೂ ಅವರನ್ನು ಕೇಳುವುದಿಲ್ಲ.

ಡಾ. ಕಪೂರ್ ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸೇರಿದರು. ಹಳ್ಳಿಗಳಿಗೆ ಮನೋವೈದ್ಯಕೀಯ ಸೇವೆ ತಲುಪಿಸುವ ಸಮುದಾಯ ವಿಭಾಗ ಅಲ್ಲಿ 1975ರಲ್ಲಿ ಆರಂಭವಾಯಿತು. ಬೆಂಗಳೂರಿನ ಬಳಿಯ ಸಕಲವಾರದಲ್ಲಿ ನಡೆದ ಪ್ರಯೋಗ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿಯಾಯಿತು. ಕಾರ್‌ಸ್ಟೇರ್ಸ್ ಎಡಿನ್‌ಬರೋದ ಪ್ರಾಧ್ಯಾಪಕ ಹುದ್ದೆಯ ಬಳಿಕ ಯಾರ್ಕ್ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, 1991ರಲ್ಲಿ ನಿಧನರಾದರು. ಡಾ. ಕಪೂರ್ 2006ರಲ್ಲಿ ತೀರಿಕೊಂಡರು.