ನಗೆಯ ವೈದ್ಯರು ‘ರಾಶಿ’

ಮುಂಬಯಿ ಕನ್ನಡಿಗರಾದ ನಾವು ಆರ್. ಕೆ. ಲಕ್ಷ್ಮಣರನ್ನು ಬಲ್ಲೆವು. ಟೈಮ್ಸ್ ಆಫ್ ಇಂಡಿಯಾಕ್ಕೆ ಬರುವ ಮೊದಲೇ ಅವರ ರೇಖೆಗಳಿಗೆ ಎಡೆಗೊಟ್ಟದ್ದು ‘ಕೊರವಂಜಿ’. ಅದರ ಸಂಪಾದಕರೇ ಡಾ. ಎಂ. ಶಿವರಾಂ, ಕನ್ನಡಿಗರ ‘ರಾಶಿ’.

1905ರಲ್ಲಿ ಹುಟ್ಟಿದ ಇವರದು ಬೆಂಗಳೂರಿನ ಮೆಜೆಸ್ಟಿಕ್ ಕಡೆ ದವಾಖಾನೆ. ಹಗಲೆಲ್ಲ ರೋಗಿಗಳ ನಾಡಿ ಹಿಡಿಯುವ ಕೈ 1942ರಲ್ಲಿ, ಯುದ್ಧದ ಬೇಗೆಯ ನಡುವೆ, ಈ ಹಾಸ್ಯಪತ್ರಿಕೆಯನ್ನು ಹೊರತಂದಿತು, 1967ರವರೆಗೂ ನಡೆಸಿತು. ಟಿ. ಸುನಂದಮ್ಮನವರಂಥ ಬರಹಗಾರರಿಗೆ ಅದು ತವರುಮನೆಯಾಯಿತು.

ಈ ನಗೆಗಾರರು ಮನೋರೋಗಗಳ ಮೇಲೂ ಬರೆದರೆಂಬುದನ್ನು ಮಾತ್ರ ನಾವು ಮರೆತಂತಿದೆ. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಥೆಗಲ್ಲ, ಕವಿತೆಗಲ್ಲ, ಮನೋವೈದ್ಯಕ್ಕೆ!

ನಿದ್ದೆಗೆಟ್ಟು ಮಂಕಾಗಿ ಕುಳಿತವರನ್ನು ಗಾಳಿ ಸೋಕಿದವರೆಂದೋ ಸೋಮಾರಿಗಳೆಂದೋ ಜರೆಯುವುದು ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಅಕ್ಕರೆಯ ಬರ ಮಿದುಳಿನ ಕೆಲಸವನ್ನೂ ಕದಡಬಲ್ಲದು. ಮಿದುಳಿನ ಏರುಪೇರು ಎದುರಿಗಿದ್ದ ಅಕ್ಕರೆಯನ್ನೂ ಕಾಣಗೊಡದು. ಅದಕ್ಕೇ ಕೆಲವರಿಗೆ ಮಾತಿನ ಚಿಕಿತ್ಸೆ, ಕೆಲವರಿಗೆ ಔಷಧ, ಎಷ್ಟೋ ಜನರಿಗೆ ಎರಡೂ ಬೇಕಾಗುತ್ತವೆ. ನಗೆಯೊಂದರಿಂದಲೇ ಖಿನ್ನತೆ ವಾಸಿಯಾಗದು.

ದಾದರಿನಲ್ಲೋ ಡೊಂಬಿವಲಿಯಲ್ಲೋ ವೈದ್ಯರ ಮುಂದೆ ಹೊಟ್ಟೆನೋವನ್ನು ಹಿಂದಿ, ಮರಾಠಿಗಳಲ್ಲಿ ಹೇಳಿಬಿಡುತ್ತೇವೆ. ಮನದ ಅಳಲಿಗೆ ಬಂದಾಗ ನಾಲಗೆ ತಡವರಿಸುತ್ತದೆ. 1984ರಲ್ಲಿ ತೀರಿಕೊಂಡ ರಾಶಿಯವರು ಆ ಅಳಲಿನ ಶಾಸ್ತ್ರವನ್ನು ನಮ್ಮ ನುಡಿಯಲ್ಲೇ ಬರೆದಿಟ್ಟು ಹೋದರು.