ಮೇಜಿನ ಮೇಲೆ ಸಾವಿನೊಡನೆ ಓಟ: ಎಮಿಲಿ ದು ಶಾತ್ಲೆ

ಪದವಿಪೂರ್ವ ತರಗತಿಯ ಭೌತಶಾಸ್ತ್ರದಲ್ಲಿ ವಿದ್ಯಾರ್ಥಿಗಳು ಮೊದಲ ವರ್ಷವೇ ಎರಡು ಸೂತ್ರಗಳನ್ನು ಕಲಿಯುತ್ತಾರೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಿಸಿದರೆ ಚಲನಶಕ್ತಿ. ಢಿಕ್ಕಿ ಹೊಡೆಯುವ ಚೆಂಡು, ಇಳಿಜಾರಿನಲ್ಲಿ ಜಾರುವ ಮರದ ತುಂಡು, ಬ್ರೇಕ್ ಹಾಕಿದ ವಾಹನ ಮುಂತಾದ ಹತ್ತಾರು ಲೆಕ್ಕಗಳಲ್ಲಿ ಇವನ್ನು ಬಳಸಿ ಉತ್ತರವನ್ನೂ ಪಡೆಯುತ್ತಾರೆ. ಆದರೆ ಚಲನೆಯೆಂಬ ಒಂದೇ ವಿದ್ಯಮಾನಕ್ಕೆ ಎರಡು ಅಳತೆಗಳೇಕೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ವಿರಳ. ಇದೇ ಪ್ರಶ್ನೆ ಒಂದು ಕಾಲದಲ್ಲಿ ಯುರೋಪಿನ ವಿದ್ವಾಂಸರನ್ನು ಅರ್ಧ ಶತಮಾನಕ್ಕೂ ಮಿಗಿಲಾಗಿ ಎರಡು ಬಣಗಳಾಗಿ ಒಡೆದಿತ್ತು. ಆ ವಿವಾದದ ನಡುವೆ ನಿರ್ಭಯವಾಗಿ ನಿಂತ ಫ್ರೆಂಚ್ ಮಹಿಳೆ ಎಮಿಲಿ ದು ಶಾತ್ಲೆ. ಇತಿಹಾಸ ಬಹುಕಾಲ ಆಕೆಯನ್ನು ವಾಲ್ಟೇರನ ಸಂಗಾತಿಯೆಂದಷ್ಟೇ ನೆನೆಯಿತು. ಅದು ಆಕೆಯ ಬದುಕಿನ ಸಣ್ಣ ಭಾಗ ಮಾತ್ರ.

1706ರ ಡಿಸೆಂಬರ್ 17ರಂದು ಪ್ಯಾರಿಸ್ಸಿನಲ್ಲಿ ಜನಿಸಿದ ಎಮಿಲಿಯ ತಂದೆ ಹದಿನಾಲ್ಕನೆಯ ಲೂಯಿಯ ಆಸ್ಥಾನದ ಅಧಿಕಾರಿ. 1725ರಲ್ಲಿ ಮಾರ್ಕ್ವಿಸ್ ದು ಶಾತ್ಲೆಯೊಡನೆ ವಿವಾಹವಾಯಿತು. ಮಕ್ಕಳಾದವು. ಅಂದಿನ ಶ್ರೀಮಂತ ಕುಲದ ಸ್ತ್ರೀಯ ಪಾಲಿಗೆ ಅಲ್ಲಿಗೆ ಬದುಕಿನ ನಕ್ಷೆ ಪೂರ್ಣವಾದಂತೆ. ವಿಶ್ವವಿದ್ಯಾಲಯವಾಗಲೀ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಾಗಲೀ ಸ್ತ್ರೀಯರಿಗೆ ಬಾಗಿಲು ತೆರೆದಿರಲಿಲ್ಲ. ಎಮಿಲಿ ಇಪ್ಪತ್ತಾರರ ಪ್ರಾಯ ದಾಟಿದ ಮೇಲೆ ಮೊಪೆರ್ತ್ವಿ, ಕ್ಲೆರೊ ಅವರಂಥ ಗಣಿತಜ್ಞರನ್ನು ಗುರುಗಳಾಗಿ ಪಡೆದು ಪಟ್ಟುಹಿಡಿದು ಗಣಿತ ಕಲಿತರು. ಪತಿಗೆ ಸೇರಿದ ಸಿರೇ ಎಂಬಲ್ಲಿನ ಕೋಟೆಮನೆ ಆಕೆ ಹಾಗೂ ವಾಲ್ಟೇರರ ಅಧ್ಯಯನ ಕೇಂದ್ರವಾಯಿತು. 1738ರಲ್ಲಿ ಪ್ರಕಟವಾದ, ನ್ಯೂಟನ್ನನ ತತ್ತ್ವಗಳನ್ನು ಕುರಿತ ವಾಲ್ಟೇರನ ಗ್ರಂಥದ ಹಿಂದೆ ಆಕೆಯ ಗಣಿತಜ್ಞಾನವಿತ್ತು.

ಬೆಂಕಿಯ ಸ್ವರೂಪವನ್ನು ಕುರಿತು ಅಕಾಡೆಮಿ ಏರ್ಪಡಿಸಿದ ಪ್ರಬಂಧ ಸ್ಪರ್ಧೆಗೆ ವಾಲ್ಟೇರ್ ಬರೆಯುತ್ತಿದ್ದಾಗ, ಆತನಿಗೂ ತಿಳಿಯದಂತೆ ರಾತ್ರಿಗಳಲ್ಲಿ ಕುಳಿತು ಆಕೆ ತಮ್ಮದೇ ಪ್ರಬಂಧ ಸಿದ್ಧಪಡಿಸಿ ಕಳುಹಿಸಿದರು. ಬಹುಮಾನ ಆಯ್ಲರ್ ಸೇರಿದಂತೆ ಬೇರೆ ಮೂವರಿಗೆ ಸಂದಿತು. ಆದರೂ ಅಕಾಡೆಮಿ ಆಕೆಯ ಪ್ರಬಂಧವನ್ನು ಅಚ್ಚು ಹಾಕಿಸಿತು.

1740ರಲ್ಲಿ ಆಕೆಯ ಭೌತಶಾಸ್ತ್ರದ ಪಠ್ಯಗ್ರಂಥ ಹೊರಬಂದಿತು. ಅದು ಹದಿಮೂರರ ಆಸುಪಾಸಿನ ಮಗನನ್ನು ಉದ್ದೇಶಿಸಿ ಬರೆದದ್ದು. ಫ್ರೆಂಚ್ ಭಾಷೆಯಲ್ಲಿ ಹೊಸ ಭೌತಶಾಸ್ತ್ರವನ್ನು ಪೂರ್ಣವಾಗಿ ತಿಳಿಸುವ ಪುಸ್ತಕವಿಲ್ಲ ಎಂಬುದೇ ಆಕೆಯ ಪ್ರೇರಣೆ. ಬೀಳುವ ವಸ್ತುಗಳು, ಲೋಲಕ, ಗುರುತ್ವ, ಬಲ ಎಲ್ಲವೂ ಅದರಲ್ಲಿವೆ. ಆದರೆ ಕಿಡಿ ಹೊತ್ತಿಸಿದ್ದು ಚಲಿಸುವ ವಸ್ತುವಿನ ಬಲವನ್ನು ಅಳೆಯುವುದು ಹೇಗೆ ಎಂಬ ಕೊನೆಯ ಅಧ್ಯಾಯ.

ವಿವಾದದ ತಿರುಳು ಇಷ್ಟು. ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವೇ ಸರಿಯಾದ ಅಳತೆ ಎಂಬುದು ಡೆಕಾರ್ಟನ ಅನುಯಾಯಿಗಳ ನಿಲುವು. ವೇಗದ ವರ್ಗವನ್ನು ಬಳಸಬೇಕೆಂದು ಲೈಬ್ನಿಟ್ಸ್ 1686ರಲ್ಲಿ ವಾದಿಸಿದ್ದ. ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆದು ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ಎರಡು ಪಟ್ಟು ವೇಗದಲ್ಲಿ ಬಿದ್ದ ಗುಂಡು ನಾಲ್ಕು ಪಟ್ಟು ಗುಳಿ ತೋಡಿತು; ಮೂರು ಪಟ್ಟು ವೇಗಕ್ಕೆ ಒಂಬತ್ತು ಪಟ್ಟು. ಎಮಿಲಿ ಈ ಪುರಾವೆಯನ್ನು ಮುಂದಿಟ್ಟು ವರ್ಗದ ಪಕ್ಷ ವಹಿಸಿದರು. ಎದುರು ಬಣದ ವಿದ್ವಾಂಸ ಮೆರಾನನ ತರ್ಕದಲ್ಲಿನ ದೋಷವನ್ನು ಹೆಸರು ಹಿಡಿದೇ ತೋರಿಸಿದರು. ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಆತ 1741ರಲ್ಲಿ ಬಹಿರಂಗ ಪತ್ರ ಪ್ರಕಟಿಸಿದ. ಕೆಲವೇ ವಾರಗಳಲ್ಲಿ ಆಕೆಯ ಉತ್ತರ ಅಚ್ಚಾಯಿತು. ಈ ವಿಷಯದಲ್ಲಿ ವಾಲ್ಟೇರನೂ ಆಕೆಯ ವಿರುದ್ಧ ಪಕ್ಷದಲ್ಲಿದ್ದ. ಗ್ರಂಥದಲ್ಲಿರುವುದು ತಾನು ಹೇಳಿಕೊಟ್ಟ ಪಾಠಗಳೇ ಎಂದು ಗಣಿತ ಶಿಕ್ಷಕ ಕೋನಿಗ್ ಸುದ್ದಿ ಹಬ್ಬಿಸಿದ್ದ. ಇಷ್ಟಾದರೂ 1743ರ ವೇಳೆಗೆ ಗ್ರಂಥ ಜರ್ಮನ್, ಇಟಾಲಿಯನ್ ಭಾಷೆಗಳಿಗೆ ಹೋಯಿತು. 1746ರಲ್ಲಿ ಇಟಲಿಯ ಬೊಲೋನಾ ಅಕಾಡೆಮಿ ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತು.

ಹಾಗಾದರೆ ಗೆದ್ದವರು ಯಾರು? ಒಂದು ಸರಳ ಲೆಕ್ಕ ಇದಕ್ಕೆ ಉತ್ತರ ಹೇಳುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ವಾಹನಕ್ಕೆ ಬ್ರೇಕ್ ಹಾಕಿದಾಗ ವೇಗ ಪ್ರತಿ ಸೆಕೆಂಡಿಗೆ 5 ಮೀಟರಿನಂತೆ ಇಳಿಯುತ್ತದೆ ಎಂದುಕೊಳ್ಳೋಣ. ಅದು 2 ಸೆಕೆಂಡಿನಲ್ಲಿ, 10 ಮೀಟರ್ ದೂರದಲ್ಲಿ ನಿಲ್ಲುತ್ತದೆ. ವೇಗ 20 ಮೀಟರಿದ್ದರೆ 4 ಸೆಕೆಂಡು ಹಿಡಿಯುತ್ತದೆ, 40 ಮೀಟರ್ ಸಾಗುತ್ತದೆ. ಕಾಲ ಎರಡು ಪಟ್ಟು. ದೂರ ನಾಲ್ಕು ಪಟ್ಟು. ಒಂದು ಬಲ ಎಷ್ಟು ಹೊತ್ತು ವರ್ತಿಸಬೇಕು ಎಂಬುದನ್ನು ಸಂವೇಗ ಹೇಳಿದರೆ, ಎಷ್ಟು ದೂರ ವರ್ತಿಸಬೇಕು ಎಂಬುದನ್ನು ಚಲನಶಕ್ತಿ ಹೇಳುತ್ತದೆ. ಎರಡೂ ಅಳತೆಗಳು ಸರಿ. ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು. ಆದಾಯ ಮತ್ತು ಸಂಪತ್ತುಗಳಲ್ಲಿ ಸಿರಿತನದ ನಿಜವಾದ ಅಳತೆ ಯಾವುದೆಂದು ಜಗಳವಾಡಿದರೆ ಅರ್ಥಶಾಸ್ತ್ರದಲ್ಲಿಯೂ ಇದೇ ಗತಿ. ಆದರೆ ವೇಗದ ವರ್ಗ ಕೇವಲ ಗಣಿತದ ಚಮತ್ಕಾರವಲ್ಲ, ಅದು ನಿಸರ್ಗದಲ್ಲಿ ನಿಜವಾದ ಯಾವುದನ್ನೋ ಅಳೆಯುತ್ತದೆ ಎಂದು ಫ್ರಾನ್ಸಿನಲ್ಲಿ ಪಟ್ಟು ಹಿಡಿದು ವಾದಿಸಿದವರಲ್ಲಿ ಎಮಿಲಿ ಪ್ರಮುಖರು. ಶಕ್ತಿ ಎಂಬ ಪರಿಕಲ್ಪನೆ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು ಈ ಬುನಾದಿಯ ಮೇಲೆ.

ಆಕೆಯ ಕೊನೆಯ ಕಾರ್ಯ ನ್ಯೂಟನ್ನನ ಪ್ರಿನ್ಸಿಪಿಯಾವನ್ನು ಲ್ಯಾಟಿನ್ನಿನಿಂದ ಫ್ರೆಂಚಿಗೆ ತರುವುದು. ನ್ಯೂಟನ್ನನ ರೇಖಾಗಣಿತದ ಸಾಧನೆಗಳನ್ನು ಹೊಸ ಕಲನಶಾಸ್ತ್ರದ ಭಾಷೆಯಲ್ಲಿ ವಿವರಿಸುವ ದೀರ್ಘ ವ್ಯಾಖ್ಯಾನವನ್ನೂ ಜೊತೆಗೆ ಬರೆದರು. 1749ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಕವಿ ಸೈಂಟ್ ಲ್ಯಾಂಬರ್ಟನೊಡನೆಯ ಸ್ನೇಹದಿಂದ ಗರ್ಭಿಣಿಯಾದರು. ಆ ವಯಸ್ಸಿನ ಹೆರಿಗೆ ಅಂದು ಮೃತ್ಯುವಿಗೆ ಸಮೀಪವೆಂದು ಆಕೆ ಬಲ್ಲರು. ಭೇಟಿ, ಔತಣಗಳನ್ನು ತೊರೆದು, ನಿದ್ರೆ ಕಡಿಮೆ ಮಾಡಿ, ಬೆಳಗಿನಿಂದ ತಡರಾತ್ರಿಯವರೆಗೆ ಮೇಜಿನ ಮುಂದೆ ಕುಳಿತರು. ಸೆಪ್ಟೆಂಬರ್ ಮೊದಲ ವಾರ ಲ್ಯುನೆವಿಲ್‌ನಲ್ಲಿ ಹೆಣ್ಣು ಮಗು ಜನಿಸಿತು. ಹಸ್ತಪ್ರತಿಯನ್ನು ರಾಜನ ಗ್ರಂಥಾಲಯಕ್ಕೆ ಒಪ್ಪಿಸುವ ವ್ಯವಸ್ಥೆಯಾಗಿತ್ತು. ಸೆಪ್ಟೆಂಬರ್ 10ರಂದು ಎಮಿಲಿ ತೀರಿಕೊಂಡರು. ಮಗುವೂ ಬಹುಕಾಲ ಬದುಕಲಿಲ್ಲ.

ನ್ಯೂಟನ್ನನ ನಿಯಮಗಳ ಆಧಾರದ ಮೇಲೆ ನಿರೀಕ್ಷಿಸಿದ್ದ ಹ್ಯಾಲಿ ಧೂಮಕೇತು ಮರಳಿ ಕಾಣಿಸಿಕೊಂಡ 1759ರಲ್ಲಿಯೇ ಆ ಅನುವಾದ ಪೂರ್ಣರೂಪದಲ್ಲಿ ಪ್ರಕಟವಾಯಿತು. ಫ್ರೆಂಚ್ ಓದುಗರು ಇಂದಿಗೂ ಪ್ರಿನ್ಸಿಪಿಯಾವನ್ನು ಮುಖ್ಯವಾಗಿ ಓದುವುದು ಆಕೆಯ ಮಾತುಗಳಲ್ಲಿಯೇ. ಆಕೆಗೆ ಬಾಗಿಲು ಮುಚ್ಚಿದ್ದ ಪ್ಯಾರಿಸ್ ಅಕಾಡೆಮಿ 1911ರಲ್ಲಿ ಮೇರಿ ಕ್ಯೂರಿಯನ್ನೂ ನಿರಾಕರಿಸಿತು. ಪೂರ್ಣ ಪ್ರಮಾಣದ ಮೊದಲ ಮಹಿಳಾ ಸದಸ್ಯೆಯನ್ನು ಅದು ಆರಿಸಿಕೊಂಡದ್ದು 1979ರಲ್ಲಿ.

ಪರೀಕ್ಷೆಯ ಒತ್ತಡದಲ್ಲಿ ನಮ್ಮ ಮಕ್ಕಳು ಬಲವಿಜ್ಞಾನದ ನೂರಾರು ಲೆಕ್ಕ ಬಿಡಿಸುತ್ತಾರೆ. ಅಭ್ಯಾಸ ಬೇಕು, ಎಮಿಲಿಯೂ ಅಭ್ಯಾಸದಿಂದಲೇ ಬೆಳೆದವರು. ಆದರೆ ಲೆಕ್ಕ ಕೇಳುತ್ತಿರುವುದು ಕಾಲವನ್ನೋ ದೂರವನ್ನೋ, ಸಂವೇಗವನ್ನೋ ಶಕ್ತಿಯನ್ನೋ ಎಂದು ಮೊದಲು ವಿಚಾರಿಸುವ ವಿದ್ಯಾರ್ಥಿಗೆ ಸೂತ್ರ ತಾನಾಗಿ ಒಲಿಯುತ್ತದೆ. ಆ ವಿಚಾರಣೆಯನ್ನು ತರಗತಿಯಲ್ಲಿ ಕಲಿಸಲು ಹೆಚ್ಚುವರಿ ಪಠ್ಯವಾಗಲೀ ಪ್ರಯೋಗಾಲಯವಾಗಲೀ ಬೇಕಿಲ್ಲ. ಒಂದು ಹಿಡಿ ಜೇಡಿಮಣ್ಣು, ಎರಡು ಗುಂಡು, ಒಬ್ಬ ಸಹನೆಯುಳ್ಳ ಶಿಕ್ಷಕರು ಸಾಕು.